ಕಾಪುವಿನಲ್ಲಿ ತೆರೆಯುವ, ಮಣಿಪಾಲದಲ್ಲಿ ತೆರೆಯದ ಡಿಸ್ಕ್

ನನ್ನ ಗೆಳತಿಗೆ ಮೈಕ್ ಬೇಕಾಗುತ್ತಿರಲಿಲ್ಲ. ಕಾರ್ಕಳದ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಅವಳು ವಿಜ್ಞಾನ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮೈಕ್ ಕೈಕೊಟ್ಟರೆ ಹೆಡ್‌ಮಾಸ್ಟರು ರಿಪೇರಿಯವರನ್ನು ಹುಡುಕುತ್ತಿರಲಿಲ್ಲ, ಅವಳನ್ನು ಹುಡುಕುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ಅವಳು ಒಮ್ಮೆ ಗದರಿದರೆ ಸಾಕು, ಮಕ್ಕಳು ಹಾಗಿರಲಿ, ಗೇಟಿನಾಚೆ ಬಸ್ಸಿಗೆ ಕಾಯುತ್ತಿದ್ದವರೂ ಬಾಯಿ ಮುಚ್ಚುತ್ತಿದ್ದರು. ಮಾತು ಶುರು ಮಾಡಿದರೆ ಎದುರಿನವರಿಗೆ ಹೂಂಗುಟ್ಟಲೂ ಸಂದು ಸಿಗದು. ನನಗೋ ಮೂಗಿನ ತುದಿಯಲ್ಲಿ ಸಿಟ್ಟು. ಇಂಥ ಇಬ್ಬರು ಅಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಹೇಗೆ ಬಾಳಿದೆವೋ, ನನಗೆ ಈಗಲೂ ಗೊತ್ತಿಲ್ಲ.

ಆಮೇಲೆ ನನಗೆ ಉಡುಪಿಗೆ ವರ್ಗವಾಯಿತು. ಗಂಡನ ಮನೆ ಕಾಪುವಿನಲ್ಲಿ, ಕಡಲಿಗೆ ತೀರಾ ಹತ್ತಿರ, ದೋಣಿಯ ಕುಟುಂಬ. ದಿನಾ ಕಾಪುವಿನಿಂದ ಉಡುಪಿಗೆ ಹೋಗಿ ಬರುವುದು ಸುಲಭ ಎಂದು ನಾನು ಒಪ್ಪಿಕೊಂಡೆ. ಗೆಳತಿ ಕಾರ್ಕಳದಲ್ಲೇ ಉಳಿದಳು. ಮದುವೆಯ ಗೋಜಿಗೆ ಹೋದವಳಲ್ಲ. ಶಾಲೆಯ ಹತ್ತಿರ ಪುಟ್ಟ ಮನೆ ಕಟ್ಟಿಸಿಕೊಂಡು ಹಾಯಾಗಿದ್ದಳು. ಅವಳ ತಾಯಿ ಪೆರ್ಡೂರಿನಲ್ಲಿ, ಮಗ ಸೊಸೆ ಮೊಮ್ಮಕ್ಕಳ ಜೊತೆ, ತುಂಬಿದ ಮನೆಯಲ್ಲಿ. ಆ ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ನಿಧಾನವಾಗಿ ಮಂಜಾಗುತ್ತಾ ಬಂದು ಕೊನೆಗೆ ಪೂರಾ ಹೋಯಿತು. ಅಂದಿನಿಂದ ಗೆಳತಿ ಪ್ರತಿ ಸಂಜೆ ಅಮ್ಮನಿಗೆ ಫೋನ್ ಮಾಡಿ ಇಡೀ ದಿನವನ್ನು ಒಪ್ಪಿಸುತ್ತಿದ್ದಳು. ಪೇಟೆಯಲ್ಲಿ ಯಾವ ಅಂಗಡಿಗೆ ಹೊಸ ಬಣ್ಣ ಹೊಡೆದರು, ಯಾವ ಹುಡುಗ ಪಿಪೆಟ್ಟಿನಿಂದ ಎಂತ ಕುಡಿದು ಮುಖ ಹುಳ್ಳಗೆ ಮಾಡಿದ, ಎಲ್ಲ. ನಾನು ಅವಳ ಮನೆಯಲ್ಲಿದ್ದಾಗ ಆ ಫೋನು ಕೇಳಿಸಿಕೊಂಡಿದ್ದೇನೆ. ಹತ್ತಿರ ಕೂತು ಕಣ್ಣಾರೆ ನೋಡಿದ್ದ ನನಗೇ ಅವಳು ಹೇಳಿದ ಮೇಲೆ ಇನ್ನಷ್ಟು ಕಾಣುತ್ತಿತ್ತು.

ಗೆಳತಿಗೆ ಗಂಟಲು ಕೆರೆತ ಎಂದು ಶುರುವಾದದ್ದು ಮಣಿಪಾಲದ ಆಸ್ಪತ್ರೆಯಲ್ಲಿ ಬೇರೆಯೇ ಹೆಸರು ಪಡೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯ ಬುಡದಲ್ಲಿ ಒಂದು ತೂತು ಮಾಡುತ್ತಾರೆ, ಇನ್ನು ಮುಂದೆ ಉಸಿರು ಅಲ್ಲಿಂದ. ನಾನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಹೋ ಎಂದು ಅತ್ತೆ. ಅವಳು ಡಾಕ್ಟರ ಹತ್ತಿರ ಗಾಳಿಯ ಒತ್ತಡದ ಬಗ್ಗೆ ಪ್ರಶ್ನೆ ಕೇಳುತ್ತಿದ್ದಳು.

ಮಾತು ಕಳೆದುಕೊಳ್ಳುವವರಿಗೆ ಅವರದ್ದೇ ದನಿಯಲ್ಲಿ ಮಾತಾಡುವ ಯಂತ್ರ ಮಾಡಿಕೊಡುವ ಒಂದು ಸಣ್ಣ ಲ್ಯಾಬ್ ಮಣಿಪಾಲದಲ್ಲಿ ಉಂಟು ಎಂದು ಯಾರೋ ಹೇಳಿದರು. ಹೋದೆವು. ಅಲ್ಲಿದ್ದದ್ದು ಒಬ್ಬಳು ಇಂಜಿನಿಯರ್. ವಯಸ್ಸು ಸಣ್ಣದು, ತಾಳ್ಮೆ ದೊಡ್ಡದು. ಆಪರೇಶನ್ನಿಗೆ ಮೊದಲು ನಾವು ಕೊಟ್ಟ ವಾಕ್ಯಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ಟೈಪ್ ಮಾಡಿದ್ದನ್ನು ಯಂತ್ರ ನಿಮ್ಮ ದನಿಯಲ್ಲೇ ಹೇಳುತ್ತದೆ ಎಂದಳು. ಗೆಳತಿಯ ದನಿ ಆಗಲೇ ಸ್ವಲ್ಪ ದೊರಗಾಗಿತ್ತು, ಆದರೂ ಅವಳದ್ದೇ. ಕಾರ್ಕಳದ ಮನೆಯಲ್ಲಿ ಕಿಟಕಿ ಮುಚ್ಚಿ ಅವಳು ಓದಿದಳು, ನಾನು ರೆಕಾರ್ಡ್ ಮಾಡಿದೆ. ಶುದ್ಧ ಪೆದ್ದು ವಾಕ್ಯಗಳು: ನಾಳೆ ಮಳೆ ಬರಬಹುದೇ, ಡಬ್ಬದಲ್ಲಿ ಬೆಲ್ಲ ಇದೆ. ಪ್ರತಿ ವಾಕ್ಯದ ನಡುವೆ ಅವಳು ಅದನ್ನು ಬರೆದವರನ್ನು ಬೈಯುತ್ತಿದ್ದಳು, ನಾನು ನಗುತ್ತಿದ್ದೆ, ಮತ್ತೆ ಮೊದಲಿಂದ. ಒಂದು ಸಲವೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ಫೈಲುಗಳು ದೊಡ್ಡವು, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಹಾಗಾಗಿ ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ, ಎಂತಕ್ಕೂ ಇರಲಿ ಎಂದು ಪೆನ್‌ಡ್ರೈವಿಗೂ ಒಂದು ಪ್ರತಿ ಮಾಡಿದೆ. ಗಾಯ ಮಾಗಿ, ಟ್ಯಾಬ್ಲೆಟ್ಟಿನಲ್ಲಿ ಟೈಪ್ ಮಾಡುವುದು ಅಭ್ಯಾಸವಾದ ಮೇಲೆ ತನ್ನಿ ಎಂದಿದ್ದಳು ಲ್ಯಾಬಿನವಳು. ಚಿಕಿತ್ಸೆ ಮುಗಿಯುವವರೆಗೆ ಕಾರ್ಕಳದ ಮನೆಗೆ ಬೀಗ. ಡಿಸ್ಕನ್ನೂ ಪೆನ್‌ಡ್ರೈವನ್ನೂ ನಾನು ಕಾಪುವಿಗೆ ತಂದು ಕಪಾಟಿನಲ್ಲಿಟ್ಟೆ. ಆಪರೇಶನ್ ಆಯಿತು, ಕರೆಂಟು ಕೊಡುವುದು, ಎಂದರೆ ರೇಡಿಯೇಶನ್, ಅದೂ ಆಯಿತು, ಮಳೆಗಾಲ ಪೂರ್ತಿ ಅದರಲ್ಲೇ ಹೋಯಿತು.

ಪೆರ್ಡೂರಿನ ಅಮ್ಮನಿಗೆ ಮೊದಲು ಹೇಳಿದ್ದು ಗಂಟಲು ನೋವು, ಡಾಕ್ಟ್ರು ಮಾತಾಡಬಾರದು ಅಂದಿದ್ದಾರೆ ಎಂದು. ಸ್ವಲ್ಪ ದಿನ ನಂಬಿದರು. ಆಮೇಲೆ ನಂಬಲಿಲ್ಲ. ಮಗ ಕೂತು ಇದ್ದದ್ದು ಇದ್ದ ಹಾಗೆ ಹೇಳಿದ. ಗಂಟಲು ತೆಗೆದರೆ ಮನುಷ್ಯ ಬದುಕುತ್ತಾನಾ, ಯಾರ ಹತ್ತಿರ ಹೇಳ್ತಿ ಈ ಕತೆ ಎಂದು ಅವನನ್ನೇ ಗದರಿಸಿದರು. ಗೆಳತಿಗೆ ನಡೆಯುವಷ್ಟು ಶಕ್ತಿ ಬಂದ ಕೂಡಲೇ ನಾನೇ ಅವಳನ್ನು ಕರೆದುಕೊಂಡು ಹೋದೆ. ಅಮ್ಮನ ಪಕ್ಕ ಕೂತು ಅವಳು ಕೈ ಹಿಡಿದುಕೊಂಡಳು. ಅಮ್ಮ ಆ ಕೈಯನ್ನು ಮಣಿಕಟ್ಟಿನಿಂದ ಬೆರಳಿನವರೆಗೆ ಸವರಿದರು. ಕಾಯಿಲೆಯಲ್ಲಿ ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು, ಕೈ ಬರೀ ಎಲುಬು. ಟ್ಯಾಬ್ಲೆಟ್ಟಿನಲ್ಲಿ ಮೊದಲೇ ಇದ್ದ ಹೆಣ್ಣು ದನಿಯಲ್ಲಿ ಅವಳು ಮಾತಾಡಿಸಿ ನೋಡಿದಳು. ಅದು ರೇಡಿಯೋದವಳು ಎಂದರು ಅಮ್ಮ. ಕೈ ಬಿಟ್ಟು ಮಗನ ಕಡೆ ತಿರುಗಿದರು.

"ಇದು ಅವಳ ಕೈಯಲ್ಲ. ಯಾರನ್ನೋ ಕರ್ಕೊಂಡು ಬಂದು ನನ್ನ ಹತ್ರ ಕೂರಿಸಿದ್ದೀರಿ. ಅವಳು ಹೋಗಿದ್ದಾಳೆ ಅಂತ ಹೇಳ್ಲಿಕ್ಕೆ ನಿಮಗೆ ಎಂತ ಹೆದರಿಕೆ? ಬೊಜ್ಜವನ್ನಾದ್ರೂ ಸರಿಯಾಗಿ ಮಾಡಿ."

ಬೊಜ್ಜ ಎಂದರೆ ಸತ್ತವರಿಗೆ ಮಾಡುವ ಉತ್ತರಕ್ರಿಯೆ. ಮಗಳು ಎದುರಿಗೆ ಕೂತಿದ್ದಾಳೆ, ಕೇಳಿಸಿಕೊಳ್ಳುತ್ತಿದ್ದಾಳೆ, ಇಲ್ಲ ಎನ್ನಲು ಬಾಯಿಲ್ಲ. ಆಮೇಲೆ ಅಮ್ಮ ರಾತ್ರಿಯ ಊಟ ಬಿಟ್ಟರು, ಮಾತು ಬಿಟ್ಟರು, ಮಗಳು ಸತ್ತ ಮನೆಯ ಹಾಗೆ ಮೂಲೆ ಹಿಡಿದರು. ಅವರನ್ನು ಅಲ್ಲಿಂದ ಎಬ್ಬಿಸುವುದಕ್ಕೆ ಇದ್ದದ್ದು ಒಂದೇ ವಸ್ತು, ಗೆಳತಿಯ ದನಿ. ಅದು ಕಾಪುವಿನ ಕಪಾಟಿನೊಳಗೆ ಇತ್ತು.

ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಮರುದಿನವೇ ಮಣಿಪಾಲಕ್ಕೆ ಹೋದೆ. ಲ್ಯಾಬಿನವಳು ಕೇಬಲ್ ಚುಚ್ಚಿದಳು. ಡಿಸ್ಕಿನ ದೀಪ ಹತ್ತಿತು. ಲ್ಯಾಪ್‌ಟಾಪಿನಲ್ಲಿ ಎಂತದೂ ಬರಲಿಲ್ಲ.

ಅವಳು ಗಾಬರಿಯಾಗಲಿಲ್ಲ. ತೆಗೆದು ಇನ್ನೊಂದು ಪೋರ್ಟಿಗೆ ಹಾಕಿದಳು. ಇಲ್ಲ. ಪಕ್ಕದ ಮೇಜಿನ ಲ್ಯಾಪ್‌ಟಾಪಿಗೆ ಹಾಕಿದಳು. ಇಲ್ಲ. ಡ್ರಾಯರಿನಿಂದ ಅಂಥದ್ದೇ ಅಗಲ ಮೂತಿಯ ಬೇರೆ ಕೇಬಲ್ ತೆಗೆದು ಹಾಕಿದಳು. ದೀಪ ಹತ್ತುತ್ತದೆ, ಅಷ್ಟೇ. ಡಿಸ್ಕನ್ನು ಕಿವಿಗೆ ಹಿಡಿದು ಕೇಳಿ, ಒಳಗೆ ತಿರುಗುತ್ತಾ ಉಂಟು, ಟಿಕ್ ಟಿಕ್ ಶಬ್ದ ಇಲ್ಲ, ಅದು ಒಳ್ಳೆಯದು ಎಂದಳು. ಕಂಪ್ಯೂಟರಿನ ಒಳಗೆಲ್ಲೋ ಹೋಗಿ ಡಿಸ್ಕುಗಳ ಪಟ್ಟಿ ತೆಗೆದು ನೋಡಿದಳು, ಅದರಲ್ಲೂ ಇಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಮ್ಮೆ ಜೋರಾಗಿ ಒತ್ತಿ ಮಾರಾಯ್ತಿ ಎಂದೆ. ಒತ್ತಿದರೆ ಪೋರ್ಟ್ ಮುರಿಯುತ್ತದೆ ಎಂದು ನಗುತ್ತಲೇ ಹೇಳಿ, ಇನ್ನೊಂದು ಪ್ರತಿ ಇಲ್ವಾ ಎಂದು ಕೇಳಿದಳು. ಉಂಟು ಎಂದಾಗಲೇ ನನಗೆ ಉಸಿರು ಬಂದದ್ದು.

ಸಂಜೆ ಕಾಪುವಿಗೆ ಬಂದವಳೇ ಕಪಾಟು ಹುಡುಕಿದೆ. ಪೆನ್‌ಡ್ರೈವ್ ಅಲ್ಲೇ ನನ್ನ ಹಳೆಯ ಬ್ಯಾಗಿನ ಒಳಜೇಬಿನಲ್ಲಿತ್ತು. ತೆಗೆದು ನೋಡಿದರೆ ಅದರ ಲೋಹದ ಮೂತಿ ಪೂರಾ ಹಸಿರುಗಟ್ಟಿತ್ತು. ನಮ್ಮ ಮನೆಯಲ್ಲಿ ಕಡಲಿನ ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ಗೇಟು, ಸ್ಕೂಟರು, ಕಿಟಕಿಯ ಸರಳು, ಎಲ್ಲ ತಿಂದು ಹಾಕುತ್ತದೆ. ಲ್ಯಾಪ್‌ಟಾಪಿಗೆ ಹಾಕಿದರೆ ಅದಕ್ಕೆ ಜೀವವೇ ಇಲ್ಲ. ಇನ್ನು ಉಳಿದದ್ದು ಆ ಡಿಸ್ಕ್ ಒಂದೇ.

ಸಿಟ್ಟಿನಲ್ಲೋ ಹತಾಶೆಯಲ್ಲೋ ಅದನ್ನೂ ತೆಗೆದು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಟಣ್ ಎಂದಿತು. ಪರದೆಯ ಮೇಲೆ ಫೋಲ್ಡರ್ ಬಂತು. ಒಂದು ಫೈಲು ಒತ್ತಿದೆ. ಡಬ್ಬದಲ್ಲಿ ಬೆಲ್ಲ ಇದೆ ಎಂದಳು ನನ್ನ ಗೆಳತಿ, ಕಾಪುವಿನ ನಮ್ಮ ಕೋಣೆಯೊಳಗೆ, ಹಳೆಯ ದನಿಯಲ್ಲಿ. ಅದರ ಹಿಂದೆಯೇ, ಯಾವ ಪುಣ್ಯಾತ್ಮ ಬರೆದದ್ದು ಇದನ್ನು ಎಂದು ಬೈಗುಳ. ನಾನು ನಗಲಿಕ್ಕೆ ಹೋಗಿ ಅತ್ತುಬಿಟ್ಟೆ. ಲ್ಯಾಬಿನವಳಿಗೆ ಫೋನ್ ಮಾಡಿದರೆ, ಅದರ ಜೊತೆ ಆಟ ಆಡಬೇಡಿ, ಸರಿಯಾಗಿ ಇಜೆಕ್ಟ್ ಮಾಡಿ, ನಾಳೆ ನಿಮ್ಮ ಲ್ಯಾಪ್‌ಟಾಪ್ ಕೇಬಲ್ ಸಮೇತ ಹಾಗೇ ಹಿಡಿದುಕೊಂಡು ಬನ್ನಿ ಎಂದಳು.

ಮರುದಿನ ಗೆಳತಿಯೂ ಕಾರ್ಕಳದಿಂದ ಬಂದಿದ್ದಳು. ಕುತ್ತಿಗೆಗೆ ಹತ್ತಿಯ ಬಟ್ಟೆ, ಕೈಯಲ್ಲಿ ಮಕ್ಕಳು ಬರೆದು ಅಳಿಸುವಂಥ ಸ್ಲೇಟು. ಯಂತ್ರದ ಹೆಣ್ಣು ದನಿಯನ್ನು ಪೆರ್ಡೂರಿನ ಆ ದಿನದ ಮೇಲೆ ಅವಳು ಮುಟ್ಟಿರಲಿಲ್ಲ. ಲ್ಯಾಬಿನ ಕೋಣೆಯಲ್ಲಿ ತುಂಬ ಹೊತ್ತು ಕಾದು, ಸರದಿ ಬಂದ ಕೂಡಲೇ ನಾನು ಗೆದ್ದವಳ ಹಾಗೆ ನನ್ನ ಲ್ಯಾಪ್‌ಟಾಪ್ ತೆರೆದು, ನನ್ನದೇ ಕೇಬಲಿನಿಂದ ಡಿಸ್ಕ್ ಚುಚ್ಚಿದೆ. ದೀಪ ಹತ್ತಿತು. ಮತ್ತೆ ಎಂತದೂ ಇಲ್ಲ.

ಅದೇ ಲ್ಯಾಪ್‌ಟಾಪು, ಅದೇ ಕೇಬಲು, ಅದೇ ಡಿಸ್ಕು, ಅದೇ ನಾನು. ಊರು ಮಾತ್ರ ಬೇರೆ. ನನಗೆ ತಲೆ ಕೆಟ್ಟುಹೋಯಿತು. ಈ ಮಣಿಪಾಲದ ಗುಡ್ಡಕ್ಕೇ ಎಂತದೋ ಬಡಿದಿದೆ ಎಂದೆ. ಲ್ಯಾಬಿನವಳು ಮೊದಲ ಸಲ ಹುಬ್ಬು ಗಂಟು ಹಾಕಿದಳು. ಗೋಡೆಯ ಕರೆಂಟಿನಲ್ಲಿ ದೋಷ ಇರಬಹುದು ಎಂದು ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನೋಡಿದಳು. ಬಸ್ಸಿನ ಕುಲುಕಾಟದಲ್ಲಿ ಎಂತಾದರೂ ಸಡಿಲಾಗಿರಬಹುದು ಎಂದು ಡಿಸ್ಕನ್ನು ತಿರುಗಿಸಿ ನೋಡಿದಳು. ಕೊನೆಗೆ ಡಿಸ್ಕನ್ನೇ ಬಿಚ್ಚುವವರ ಹತ್ತಿರ ಕಳಿಸಬೇಕಾಗಬಹುದು, ಆದರೆ ಬಿಚ್ಚಿದ ಮೇಲೆ ಎಲ್ಲವೂ ಸಿಕ್ಕೇ ಸಿಗುತ್ತದೆ ಎಂದು ಹೇಳಲಾಗದು ಎಂದಳು. ಗೆಳತಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಗೆಳತಿ ಕೆಮ್ಮುತ್ತಿದ್ದಳು. ಬಂದಾಗಿನಿಂದ ಕೆಮ್ಮುತ್ತಲೇ ಇದ್ದಳು. ನಮ್ಮ ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ ಒಳಗೆ ಬಿಡುತ್ತದೆ. ಅವಳಿಗೆ ಮೂಗಿನ ಉಪಕಾರ ಇಲ್ಲ, ಆ ಕೋಣೆಯ ಏಸಿಯ ಚಳಿ ಸೀದಾ ಕುತ್ತಿಗೆಯ ತೂತಿನಿಂದ ಎದೆಗೆ ಇಳಿಯುತ್ತದೆ. ಬಟ್ಟೆಯನ್ನು ಒತ್ತಿ ಹಿಡಿದುಕೊಂಡು ಅವಳು ಸ್ವಲ್ಪ ಹೊತ್ತು ಏಸಿಯನ್ನೇ ನೋಡಿದಳು. ಆಮೇಲೆ ಡಿಸ್ಕಿನ ಕಡೆ ನೋಡಿದಳು. ನನಗೆ ಆ ನೋಟ ಗೊತ್ತು. ಪ್ರಯೋಗ ಕೈಕೊಟ್ಟಾಗ ಶಾಲೆಯ ಲ್ಯಾಬಿನ ಮೇಜಿನೆದುರು ಸೊಂಟಕ್ಕೆ ಕೈಯಿಟ್ಟು ಹೀಗೇ ನಿಲ್ಲುತ್ತಿದ್ದಳು, ಒಂದು ಸಲಕ್ಕೆ ಒಂದೇ ಬದಲಾಯಿಸಿ ಎಂದು ಮಕ್ಕಳ ತಲೆ ತಿನ್ನುತ್ತಿದ್ದಳು. ಸ್ಲೇಟು ಎತ್ತಿ ಬರೆದಳು. "ಚಳಿ."

ನಿನಗೆ ಚಳಿಯಾಗುತ್ತಾ ಉಂಟಾ, ಹೊರಗೆ ಕೂರುವ ಬಾ ಎಂದೆ. ಅವಳು ಹಣೆ ಚಚ್ಚಿಕೊಂಡಳು. ಸ್ಲೇಟಿನಲ್ಲಿ ಒತ್ತಿ ಒತ್ತಿ ಬರೆದಳು. "ನನಗಲ್ಲ ಮಾರಾಯ್ತಿ. ಡಿಸ್ಕಿಗೆ."

ದನಿ ಇದ್ದಿದ್ದರೆ ಆ ಮಾತಿಗೆ ಇಡೀ ಮಹಡಿ ಬೆಚ್ಚುತ್ತಿತ್ತು. ಅವಳೇ ಲ್ಯಾಪ್‌ಟಾಪನ್ನೂ ಡಿಸ್ಕನ್ನೂ ಎತ್ತಿಕೊಂಡು ಹೊರಗಿನ ಜಗಲಿಗೆ ಹೋದಳು. ಮಧ್ಯಾಹ್ನದ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು. ಡಿಸ್ಕನ್ನು ಅದರಲ್ಲಿಟ್ಟು, ಕೈ ಕಟ್ಟಿ ಕೂತಳು. ನಾನು ಬಾಯಿ ತೆರೆದರೆ ಬೆರಳೆತ್ತಿ ಸುಮ್ಮನಾಗಿಸಿದಳು. ಡಿಸ್ಕ್ ಕೈಗೆ ಬೆಚ್ಚಗಾದ ಮೇಲೆ ಕೇಬಲ್ ಹಾಕಿದಳು. ಟಣ್ ಎಂದಿತು. ಫೋಲ್ಡರ್ ಬಂತು.

ಲ್ಯಾಬಿನವಳು ಓಡಿಬಂದು ಅಲ್ಲೇ ನೆಲದ ಮೇಲೆ ಕೂತು ಫೈಲುಗಳನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಲು ಶುರು ಮಾಡಿದಳು. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಆ ಹಸಿರು ಗೆರೆ ಹೋಗಿ ಮುಟ್ಟುವ ತನಕ ಮೂವರೂ ಅದನ್ನೇ ನೋಡುತ್ತಾ ಕೂತೆವು. ಮುಟ್ಟಿತು. ಅವಳು ಅದನ್ನು ಇನ್ನೆರಡು ಕಡೆ ಉಳಿಸಿದ ಮೇಲೆಯೇ ನಾನು ಗೆಳತಿಯನ್ನು ತಬ್ಬಿಕೊಂಡದ್ದು. ಎಂಥ ಹೆಣ್ಣು ಇವಳು ಎಂದು ಅನಿಸಿತು. ಜೀವ ಹೋಗುವ ಹಾಗೆ ಕೆಮ್ಮುವಾಗಲೂ ಈ ಕೆಮ್ಮು ಎಂತಕ್ಕೆ ಬರುತ್ತಾ ಉಂಟು ಎಂದು ಯೋಚಿಸುವವಳು.

ಆದರೆ ಅವಳಿಗೆ ಅಷ್ಟು ಸಾಲದು. ಚಳಿಗೆ ಡಿಸ್ಕ್ ಯಾಕೆ ಮುನಿಯಬೇಕು, ಅದು ತಿಳಿಯಬೇಕು. ಕೇಬಲ್ ಕಿತ್ತು ಅದರ ಅಗಲ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಿನಿಂದ ಸವರಿ ಬೆರಳನ್ನು ಬೆರಳಿಗೆ ಉಜ್ಜಿದಳು. ಉಸಿರು ಮೂಗಿನಲ್ಲಿ ಹೋಗದ ಮೇಲೆ ಅವಳಿಗೆ ವಾಸನೆಯೂ ತಿಳಿಯುವುದಿಲ್ಲ. ಕೇಬಲನ್ನು ನನ್ನ ಮುಖಕ್ಕೆ ಹಿಡಿದು ಸ್ಲೇಟಿನಲ್ಲಿ ಬರೆದಳು, ಮೂಸಿ ನೋಡು.

ಮೂಸಿದೆ. ತೆಂಗಿನೆಣ್ಣೆ.

ಮರುಕ್ಷಣವೇ ನನಗೆ ಕಾಪುವಿನ ಮನೆಯಲ್ಲಿರುವ ಅತ್ತೆಯ ನೆನಪಾಯಿತು. ಮಳೆ ಜೋರಾಗುವ ಆಟಿ ತಿಂಗಳು ಬಂತೆಂದರೆ ದೋಣಿಗಳು ಕಡಲಿಗಿಳಿಯುವುದಿಲ್ಲ. ಅತ್ತೆ ಮನೆಯ ಕಬ್ಬಿಣವನ್ನೆಲ್ಲ ಜಗಲಿಗೆ ತಂದು ಪೇಪರಿನ ಮೇಲೆ ಹರಡುತ್ತಾರೆ. ಬೀಗ, ಕತ್ತರಿ, ಮೀನಿನ ಕತ್ತಿ, ತುರಿಮಣೆ, ಹೊಲಿಗೆ ಯಂತ್ರದ ತಲೆ, ಕೊಡೆಯ ಕಡ್ಡಿ. ಒಂದು ಬಟ್ಟಲಲ್ಲಿ ತೆಂಗಿನೆಣ್ಣೆ, ಕೈಯಲ್ಲಿ ಕೋಳಿಯ ಗರಿ. ಗರಿಯನ್ನು ಅದ್ದಿ ಒಂದೊಂದರ ಸಂದುಗೊಂದಿಗೂ ಎಣ್ಣೆ ಮುಟ್ಟಿಸಿ ಮತ್ತೆ ಅದರದ್ದರ ಜಾಗದಲ್ಲಿಡುತ್ತಾರೆ. ಕಪಾಟಿನ ಡಿಸ್ಕಿಗೂ ಅದರ ಕೇಬಲಿನ ಮೂತಿಗೂ ಮುಟ್ಟಿಸಿದ್ದಾರೆ. ಧನುರ್ಮಾಸದ ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ಬಾಟಲಿಯನ್ನು ಬಿಸಿಲಿಗಿಡುವುದು ಯಾರಿಗೆ ಗೊತ್ತಿಲ್ಲ? ಕಾಪುವಿನ ಸೆಕೆಯಲ್ಲಿ ಎಣ್ಣೆ ನೀರಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಲ್ಯಾಬಿನ ಏಸಿಯಲ್ಲಿ ಗಟ್ಟಿಯಾಗಿ ಆ ಸಣ್ಣ ಸಣ್ಣ ಹಲ್ಲುಗಳ ನಡುವೆ ಕೂರುತ್ತದೆ. ದೀಪಕ್ಕೆ ಬೇಕಾದ ಕರೆಂಟು ಹೇಗೋ ದಾಟುತ್ತದೆ, ಮಾತು ದಾಟುವುದಿಲ್ಲ.

ನನಗೆ ಉರಿದುಹೋಯಿತು. ಅಲ್ಲಿಂದಲೇ ಅತ್ತೆಗೆ ಫೋನ್ ಹಚ್ಚಿದೆ. ಕಂಪ್ಯೂಟರಿನ ಸಾಮಾನಿಗೆ ಯಾರಾದರೂ ಎಣ್ಣೆ ಹಾಕುತ್ತಾರಾ, ಅದೇನು ತಲೆಗೂದಲಾ, ಇನ್ನು ಸ್ವಲ್ಪದರಲ್ಲಿ ಒಂದು ಮನೆ ಹಾಳಾಗುತ್ತಿತ್ತು ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

"ಅದಕ್ಕೂ ಕಬ್ಬಿಣದ ಬಾಯಿ ಉಂಟಲ್ವಾ ಮಗಾ. ಎಣ್ಣೆ ಮುಟ್ಟಿಸದೆ ಇಟ್ರೆ ಈ ಗಾಳಿ ಬಿಡ್ತದಾ? ಟೀಚರಮ್ಮನ ಸ್ವರ ಅದರ ಒಳಗೆ ಉಂಟು ಅಂತ ನೀನೇ ಹೇಳಿದ್ದಲ್ವಾ, ಅದಕ್ಕೆ ಎರಡು ಸಲ ಮುಟ್ಟಿಸಿದೆ."

ನಾನು ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಲ್ಯಾಬಿನವಳು ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಡಿಸ್ಕಿನ ಬಾಯಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಎಣ್ಣೆ ಹೋದ ಮೇಲೆ ಒಳಗಿನ ಹಲ್ಲುಗಳು ಹೊಳೆಯುತ್ತಿದ್ದವು, ಒಂದು ಚೂರು ತುಕ್ಕಿಲ್ಲ. ಗೆಳತಿ ನನ್ನ ಚೀಲದಿಂದ ಆ ಹಸಿರುಗಟ್ಟಿದ ಪೆನ್‌ಡ್ರೈವನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಒಂದೇ ಕಪಾಟು, ಒಂದೇ ಮಳೆಗಾಲ. ಬ್ಯಾಗಿನ ಒಳಜೇಬಿಗೆ ಅತ್ತೆಯ ಗರಿ ಹೋಗಿರಲಿಲ್ಲ. ಗೆಳತಿ ಸ್ಲೇಟಿನಲ್ಲಿ ಬರೆದದ್ದನ್ನು ನಾನು ಅತ್ತೆಗೆ ಓದಿ ಹೇಳಬೇಕಾಯಿತು: ನಿಮ್ಮ ಉಪಕಾರ ದೊಡ್ಡದು, ನಿಮ್ಮ ಸೊಸೆಗೆ ಬುದ್ಧಿ ಸಣ್ಣದು. ಓದಿದೆ. ಅತ್ತೆ ಆ ಕಡೆ ಜೋರಾಗಿ ನಕ್ಕರು, ನಾನು ರಾತ್ರಿಗೆ ಬೇಗ ಬಂದು ಅವರಿಗೆ ಮೀನು ಹೆಚ್ಚಿಕೊಡುತ್ತೇನೆ ಎಂದೆ.

ಯಂತ್ರದ ದನಿ ಸಿದ್ಧವಾಗಲು ಕೆಲವು ವಾರ ಹಿಡಿಯಿತು. ಕನ್ನಡ ಚೆನ್ನಾಗಿ ಬರುತ್ತಿತ್ತು. ಆದರೆ ಗೆಳತಿಯ ಮನೆಮಾತು ತುಳು. ಅದನ್ನು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದರೆ ಬೆಂಗಳೂರಿನವರು ತುಳು ಕಲಿತ ಹಾಗೆ ಕೇಳುತ್ತಿತ್ತು. ಲ್ಯಾಬಿನವಳು ಅವಳೊಂದಿಗೆ ಕೂತು ಒಂದೊಂದೇ ಮಾತನ್ನು ತಿದ್ದಿದಳು. ಗೆಳತಿ ಅಭ್ಯಾಸ ಮಾಡಿದಳು, ಅಳಿಸಿದಳು, ಮತ್ತೆ ಬರೆದಳು. ನನಗೆ ಮಾತ್ರ ಒಮ್ಮೆಯೂ ಕೇಳಿಸಲಿಲ್ಲ. ಮೊದಲು ಅಮ್ಮನಿಗೆ ಎಂದಳು.

ಪೆರ್ಡೂರಿಗೆ ಬೆಳಿಗ್ಗೆಯೇ ಹೋದೆವು. ಅಮ್ಮ ಗೋಡೆಗೊರಗಿ ಕೂತಿದ್ದರು, ಮುಂಚೆಗಿಂತ ಸಣ್ಣಗಾಗಿದ್ದರು. ಸೊಸೆ ತಂದಿಟ್ಟ ಚಾ ಮುಟ್ಟಿರಲಿಲ್ಲ. ಗೆಳತಿ ಅವರೆದುರು ಚಾಪೆಯ ಮೇಲೆ ಕೂತು ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಒತ್ತಿದಳು.

"ಅಮ್ಮಾ, ಯಾನ್."

ನಾನು ಎಂದಷ್ಟೇ ಆ ಮಾತಿನ ಅರ್ಥ. ಅವಳದೇ ದನಿ, ದೊರಗು ಸಮೇತ. ಒಳಗಿನಿಂದ ಸೊಸೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಮ್ಮ ಅಲ್ಲಾಡಲಿಲ್ಲ. ಇದು ಮೊದಲೇ ಹಿಡಿದಿಟ್ಟದ್ದು, ಮೊಬೈಲಿನಲ್ಲಿ ಹಾಕುತ್ತಿದ್ದೀರಿ, ಸತ್ತವಳನ್ನು ಯಾಕೆ ಹೀಗೆ ಮಾಡುತ್ತೀರಿ ಎಂದರು. ಇದೊಂದನ್ನು ನಾವು ಯಾರೂ ಯೋಚಿಸಿರಲಿಲ್ಲ.

ಗೆಳತಿ ಮಾತ್ರ ಟೈಪ್ ಮಾಡುತ್ತಿದ್ದಳು. ಅಮ್ಮಾ, ನೀನು ಉಟ್ಟಿರುವ ಸೀರೆ ತಿರುಗಾಮುರುಗಾ ಆಗಿದೆ, ಒಳಬದಿ ಹೊರಗೆ ಬಂದಿದೆ, ಚಾಕ್ಕೆ ಇರುವೆ ಬಿದ್ದಿದೆ, ಕುಡಿಯಬೇಡ ಎಂದಿತು ಯಂತ್ರ. ಅಮ್ಮನ ಕೈ ತಾನಾಗಿ ಸೀರೆಯ ಅಂಚಿಗೆ ಹೋಯಿತು. ಬೆರಳಿನಿಂದ ಹೊಲಿಗೆಯನ್ನು ತಡವಿದರು. ಹೌದು, ತಿರುಗಾಮುರುಗಾ. ಆಮೇಲೆ ಆ ಕೈ ಗಾಳಿಯಲ್ಲಿ ಮುಂದೆ ಬಂತು, ಎದುರಿದ್ದವಳ ಹೆಗಲು ಸಿಕ್ಕಿತು, ಕುತ್ತಿಗೆ ಸಿಕ್ಕಿತು, ಬಟ್ಟೆಯ ಕೆಳಗೆ ಹೋಗಿ ನಿಂತಿತು. ಅಲ್ಲಿಂದ ಬಿಸಿ ಉಸಿರು ಅವರ ಅಂಗೈಗೆ ಬಡಿಯುತ್ತಿತ್ತು. ಅವರು ಕೈ ತೆಗೆಯಲಿಲ್ಲ. ಉಸಿರು ಬರುವುದು, ಹೋಗುವುದು, ಬರುವುದು. ಗಂಟಲು ತೆಗೆದ ಮೇಲೂ ಮನುಷ್ಯ ಬದುಕುತ್ತಾನೆ ಎಂದು ಅವರಿಗೆ ಆ ಅಂಗೈ ಹೇಳಿರಬೇಕು.

"ನೋವು ಉಂಟಾ?" ಎಂದು ಕೇಳಿದರು ಅಮ್ಮ.

ಅಷ್ಟು ತಿಂಗಳಲ್ಲಿ ಒಮ್ಮೆಯೂ ಅಳದಿದ್ದ ಗೆಳತಿಯ ಕಣ್ಣಿನಿಂದ ನೀರು ಹರಿಯತೊಡಗಿತು. ಟ್ಯಾಬ್ಲೆಟ್ಟಿನ ಮೇಲೆ ಹನಿ ಬಿದ್ದು ಅಕ್ಷರ ತಪ್ಪುತ್ತಿತ್ತು, ಸೆರಗಿನಿಂದ ಒರೆಸಿ ಮತ್ತೆ ಒತ್ತಿದಳು. ನೋವಿಲ್ಲ ಅಮ್ಮಾ, ಎಂತದೂ ಇಲ್ಲ, ನಾನು ಚೆನ್ನಾಗಿದ್ದೇನೆ ಎಂದಿತು ಯಂತ್ರ, ತುಂಬಿದ ತರಗತಿಗೆ ಪಾಠ ಹೇಳುವಂತೆ ಗಟ್ಟಿಯಾಗಿ, ನಿರಾಳವಾಗಿ. ಅದಕ್ಕೆ ಅಳಲು ಬರುವುದಿಲ್ಲ. ಅಮ್ಮನ ಇನ್ನೊಂದು ಕೈ ಮೇಲೆ ಹೋಗಿ ಮಗಳ ಕೆನ್ನೆಯನ್ನು ಮುಟ್ಟಿತು. ಕೆನ್ನೆ ಪೂರಾ ಒದ್ದೆ.

"ಸುಳ್ಳು ಹೇಳ್ಬೇಡ" ಎಂದರು.

ಆಮೇಲೆ ಬಾಗಿಲ ಕಡೆ ತಿರುಗಿ, ಇವಳು ತುಂಬ ಇಳಿದುಹೋಗಿದ್ದಾಳೆ, ಗಂಜಿಗೆ ತುಪ್ಪ ಹಾಕಿ ತಾ, ನನಗೂ ತಾ ಎಂದು ಸೊಸೆಗೆ ಹೇಳಿದರು.